ಹೋದ ವಾರ ಅಚ್ಚಾದ ಚಿತ್ರದ ಹಿಂದೆ ಇರೋರಿಗೆ

ನಮ್ಮ ಪತ್ರಿಕೆಯ ಹೋದ ವಾರದ ಸಂಚಿಕೆಯಲ್ಲಿ ಕಥೆಯೊಂದಕ್ಕೆ ನಾನು ಬರೆದ ಚಿತ್ರ ಬಂತು. ಸ್ಟ್ರೋಕ್ ಆಗಿ ಎಂಟು ತಿಂಗಳಾದ ಮೇಲೆ ಮೊದಲನೇದು. ನೋಡಿದವರೆಲ್ಲ ಫೋನ್ ಮಾಡಿದ್ರಿ, ಮೆಸೇಜ್ ಹಾಕಿದ್ರಿ, ಒಬ್ಬೊಬ್ಬರಿಗೂ ಟೈಪ್ ಮಾಡಿ ಉತ್ತರ ಕೊಡೋಕೆ ಬೆರಳು ಇನ್ನೂ ಬೇಗ ದಣಿಯತ್ತೆ, ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದ್ದೀನಿ. ಏನಾಯ್ತು, ಹೇಗಾಯ್ತು ನಿಮಗೆಲ್ಲ ಗೊತ್ತಿರೋದೇ, ಮತ್ತೆ ಅದನ್ನ ಎತ್ತಲ್ಲ.

ಡಾಕ್ಟ್ರು, ನರ್ಸ್‌ಗಳು, ಫಿಜಿಯೋ ಮಾಡಿಸಿದ ಹುಡುಗಿ, ಇಷ್ಟು ದಿನ ಕಾದು ನನಗೇ ಕಥೆ ಕಳಿಸಿದ ಸಂಪಾದಕರು, ದುಡ್ಡು ಹೊಂದಿಸಿದ ಗೆಳೆಯರು, ಊರಿಂದ ಬಂದು ಎರಡು ತಿಂಗಳು ಮನೆ ನೋಡಿಕೊಂಡ ಅತ್ತೆ, ಎಲ್ಲರಿಗೂ ಕೈ ಮುಗೀತೀನಿ. ಹೆಂಡತಿಗೆ ಹೇಳಬೇಕಾದ್ದನ್ನ ಮನೇಲೇ ಹೇಳಿದ್ದೀನಿ.

ಇನ್ನು ಪೇಸ್ಟಪ್ ಅಣ್ಣ.

ನಮ್ಮ ಆಫೀಸಿಗೆ ಕಂಪ್ಯೂಟರ್ ಬರೋಕೆ ಮುಂಚೆ ಬ್ರೋಮೈಡ್, ಅಂದ್ರೆ ಅಕ್ಷರ, ಚಿತ್ರ ಮೂಡಿಸಿದ ಫೋಟೋ ಕಾಗದ, ಕತ್ತರಿಸಿ, ರಬ್ಬರ್ ಸಲ್ಯೂಷನ್ ಹಚ್ಚಿ, ಅಂಟಿಸಿ ಪುಟ ಕಟ್ಟುತ್ತಿದ್ದವರು. ರಿಟೈರ್ ಆಗಿ ಎಷ್ಟೋ ವರ್ಷ ಆಯ್ತು, ಹೆಸರು ಮಾತ್ರ ಹಾಗೇ ಉಳೀತು. ಆಸ್ಪತ್ರೆಯಲ್ಲಿ ಮೂರನೇ ರಾತ್ರಿ, ಮಗೂಗೆ ಜ್ವರ ಅಂತ ಹೆಂಡತಿ ಮನೆಗೆ ಹೋಗಲೇಬೇಕಾಯ್ತು, ಅವರು ಬಂದು ಕೂತ್ಕೊಂಡ್ರು. ಅವತ್ತು ಸಂಜೆ ಬಲಗೈಗೆ ಪೆನ್ಸಿಲ್ ಕೊಟ್ಟು ಹಿಡೀರಿ ಅಂದಿದ್ರು. ಅದು ಜಾರಿ ಹೊದಿಕೆ ಮೇಲೆ ಬಿತ್ತು. ಬಿದ್ದಿದ್ದು ಕಣ್ಣಿಗೆ ಕಂಡಿತು, ಕೈಗೆ ಗೊತ್ತೇ ಆಗಲಿಲ್ಲ.

ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೂ 2003ರಲ್ಲಿ ಸ್ಟ್ರೋಕ್ ಆಗಿತ್ತು, ಆಮೇಲೂ ಚಿತ್ರ ಬರೆದ್ರು, ನೀನೂ ಬರೀತೀಯ ಅಂತ ನೋಡೋಕೆ ಬಂದವರೆಲ್ಲ ಹೇಳ್ತಿದ್ರು. ಧೈರ್ಯಕ್ಕೆ ಹೇಳಿದ್ದು, ಗೊತ್ತು. ಅವರು ಮೈಸೂರಲ್ಲಿದ್ದಾಗ ಕೊರವಂಜಿ ಹಾಸ್ಯಪತ್ರಿಕೆಗೆ ಬರೆದ ಚಿತ್ರಗಳನ್ನ ನೋಡಿ ನೋಡಿ ಕೈ ತಿದ್ದಿಕೊಂಡವನು ನಾನು, ಆ ಹೆಸರು ಕೇಳಿದ್ರೆ ಬಲ ಬರಬೇಕಿತ್ತು, ಬರಲಿಲ್ಲ. ಅವರಿಗೆ ಸ್ವಾಧೀನ ತಪ್ಪಿದ್ದು ಎಡಭಾಗ. ನನಗೆ ಹೋಗಿದ್ದು ಬಲಗೈ.

ಅಣ್ಣ ಅಂಥದ್ದೇನೂ ಹೇಳಲಿಲ್ಲ. ಸಣಬಿನ ದಾರದಲ್ಲಿ ಕಟ್ಟಿದ ಹಳೇ ಚಂದಮಾಮಗಳ ಒಂದು ಕಟ್ಟು, ಜೇಬಲ್ಲಿ ಭೂತಗನ್ನಡಿ. ವಾರ್ಡಿನ ಲೈಟ್ ಆರಿಸಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಬೇತಾಳ ಕಥೆ ಪುಟ ತೆಗೆದ್ರು. ಚಂದಮಾಮದ ಚಿತ್ರಕಾರ ಶಂಕರ್ ಅವರ ವಿಕ್ರಮ, ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ. ಛಲ ಬಿಡದ ತ್ರಿವಿಕ್ರಮ ಅಂತ ಈಗ ಶುರು ಮಾಡ್ತಾರೆ ಅಂದ್ಕೊಂಡು ಕಣ್ಣು ಮುಚ್ಚಿದೆ. "ಇಲ್ಲಿ ನೋಡಯ್ಯ, ಮಣಿಕಟ್ಟು" ಅಂದ್ರು. ಭೂತಗನ್ನಡಿ ಕೆಳಗೆ ನೋಡಿದ್ರೆ ಕತ್ತಿ ಹಿಡಿದ ಕೈಯ ಗೆರೆ ಮಣಿಕಟ್ಟಿನ ಹತ್ತಿರ ನಿಂತೇ ಹೋಗಿದೆ, ಒಂದು ಅಕ್ಕಿಕಾಳಿನಷ್ಟು ಜಾಗ ಬರೀ ಪೇಪರ್, ಆಮೇಲೆ ಮತ್ತೆ ಶುರು. ಅದೇ ಚಿತ್ರವನ್ನ ಚಿಕ್ಕಂದಿನಿಂದ ನೂರು ಸಲ ನೋಡಿದ್ದೀನಿ, ಕೈ ಪೂರ್ತಿ ಇದೆ ಅಂತಲೇ ಕಂಡಿತ್ತು. ಶಂಕರ್ 1950ರ ದಶಕದಲ್ಲಿ ಸೇರಿ ಹತ್ತಿರ ಹತ್ತಿರ ಅರವತ್ತು ವರ್ಷ ಅದೇ ಪತ್ರಿಕೆಗೆ ಬರೆದ್ರು, 2020ರಲ್ಲಿ ತೀರಿಕೊಂಡ ಮೇಲೆ 2021ರಲ್ಲಿ ಪದ್ಮಶ್ರೀ ಬಂತು. ಆಮೇಲೆ ಅದೇ ಪತ್ರಿಕೆಯ ಇನ್ನಿಬ್ಬರು ಚಿತ್ರಕಾರರು, ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟ, ವಪಾ ಅವರ ಬಣ್ಣ, ಒಂದೊಂದನ್ನೂ ಅಣ್ಣ ಟಾರ್ಚ್ ಕೆಳಗೆ ನಿಧಾನಕ್ಕೆ ತೋರಿಸಿದ್ರು.

ಮೂರು ಗಂಟೆ ಹೊತ್ತಿಗೆ ನನ್ನಿಂದ ತಡೆಯೋಕಾಗಲಿಲ್ಲ. ಈ ಕೈ ಇಲ್ಲದಿದ್ರೆ ನಾನು ಇದ್ದು ಏನು ಮಾಡ್ಲಿ ಅಂತ ಅತ್ತುಬಿಟ್ಟೆ. ಪಕ್ಕದ ಬೆಡ್ಡಿನವರು ಎದ್ದರು. ಅಣ್ಣ ಅಳಬೇಡ ಅನ್ನಲಿಲ್ಲ, ನನ್ನ ಬಲಗೈಯನ್ನ ತಮ್ಮ ಎರಡೂ ಕೈಯಲ್ಲಿ ಇಟ್ಕೊಂಡು ಉಜ್ಜುತ್ತಾ ನನ್ನ ಹಳೇ ಚಿತ್ರಗಳನ್ನ ಹೇಳೋಕೆ ಶುರು ಮಾಡಿದ್ರು. ಪುಟ 42, ಎಡಗಡೆ, ಎರಡು ಕಾಲಂ, ಬಾವಿಕಟ್ಟೆ ಮೇಲೆ ಅಜ್ಜಿ. ಪುಟ 17, ಕೆಳಗಡೆ, ಬಸ್ಸಿನ ಕಿಟಕಿ, ನೀನು ಸೀಟಿನ ಕಂಬಿ ಮರೆತಿದ್ದೆ. ಮೂವತ್ತು ವರ್ಷದ ಹಿಂದಿನವು. ನನಗೇ ಮರೆತುಹೋಗಿದ್ದವು. ಒಂದೊಂದನ್ನೂ ಅಳತೆ ಮಾಡಿ, ಕತ್ತರಿಸಿ, ಅಂಟಿಸಿದ ಕೈ ಅದು. ಚಿತ್ರದ ಮೂಲೇಲಿ ನನ್ನ ಸಹಿ ಇದೆ, ಅವರ ಹೆಸರು ಯಾವ ಪುಟದಲ್ಲೂ ಇಲ್ಲ, ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ. ಕಿಟಕಿಯಲ್ಲಿ ಬೆಳಕು ಬರೋವರೆಗೂ ಪುಟ ಹೇಳ್ತಾನೇ ಇದ್ರು.

ಆಮೇಲೆ ಪ್ರತಿ ಮಂಗಳವಾರ ಎರಡು ಬಸ್ಸು ಬದಲಾಯಿಸಿ ಮನೆಗೆ ಬಂದು ಎದುರಿಗೆ ಕೂತು ಗೆರೆ ಎಳೆಸಿದ್ರು. ಹೋದ ವಾರ ಸಂಚಿಕೆ ಬಂದ ದಿನ ಬೆಳಿಗ್ಗೆ ಏಳಕ್ಕೇ ಫೋನ್. "ಬೆರಳು ಸರಿಯಾಗಿ ಬಂದಿದೆ ಕಣಯ್ಯ, ಹೆಬ್ಬೆರಳು ಸ್ವಲ್ಪ ದಪ್ಪ ಆಯ್ತು" ಅಂದ್ರು, ಆಮೇಲೆ ಎಷ್ಟೋ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅಣ್ಣಾ, ನೀವು ಮೊಬೈಲಲ್ಲಿ ಇವನ್ನೆಲ್ಲ ಓದಲ್ಲ. ಭಾನುವಾರ ಬರ್ತೀನಿ, ನಾನೇ ಓದಿ ಹೇಳ್ತೀನಿ. ಚಿತ್ರದ ಒರಿಜಿನಲ್ ಕೂಡ ತರ್ತೀನಿ, ಅದು ನಿಮ್ಮ ಹತ್ತಿರಾನೇ ಇರಲಿ. ಹೆಬ್ಬೆರಳು ತಿದ್ದಿಲ್ಲ.