ಮಿರಾದೋರ್ ದಾರಿಯಲ್ಲಿ ಸಿಕ್ಕ ಹಿರಿಯರಿಗೆ

ಗ್ವಾಟೆಮಾಲಾದ ಪೆಟೆನ್ ಕಾಡಿನೊಳಗೆ ಎಲ್ ಮಿರಾದೋರ್ ಎಂಬ, ಮಾಯಾ ಜನರ ಹಳೆಯ ನಗರವಿದೆ. ಕಾರ್ಮೆಲಿತಾ ಹಳ್ಳಿಯಿಂದ ಅಲ್ಲಿಗೆ 40 ಕಿಲೋಮೀಟರಿಗಿಂತ ಜಾಸ್ತಿ ನಡಿಗೆ. ಮಳೆ ಬಂದರೆ ಹಾದಿ ತುಂಬ ಅಂಟು ಕೆಸರು. ದಾರಿಯಲ್ಲಿ ಸಿಗುವ ಎಲ್ ತಿಂತಾಲ್ ಎಂಬ ಜಾಗ ದಾಟಿದ ಮೇಲೆ ನನ್ನ ಮೊಣಕಾಲು ಊದಿತು. ಹೆಜ್ಜೆ ಇಡೋಕೇ ಆಗಲಿಲ್ಲ.

ಆಗ ಬಂದವರು ನೀವು. ಬೇರೆ ತಂಡದ ಸಾಮಾನು ಸಾಗಿಸುತ್ತಿದ್ದಿರಿ. ಒಂದು ಹೇಸರಗತ್ತೆಯ ಹೊರೆ ಇಳಿಸಿ, ಅರ್ಧ ನಿಮ್ಮ ಬೆನ್ನಿಗೇ ಹಾಕಿಕೊಂಡು, ನನ್ನನ್ನು ಕೂರಿಸಿದಿರಿ. ದುಡ್ಡು ಕೊಟ್ಟರೆ ತಲೆ ಅಲ್ಲಾಡಿಸಿದಿರಿ.

ದಾರಿಯಲ್ಲಿ ಮೈತುಂಬ ಮಚ್ಚಿನ ಗೀರಿದ್ದ ಒಂದು ಮರ ತೋರಿಸಿದಿರಿ. ಚೂಯಿಂಗ್ ಗಮ್ಮಿಗೆ ಹಾಲು ಇಳಿಸುವ ಮರ. ಅದು ನಮ್ಮ ಸಪೋಟ! ನಾವು ಹಿತ್ತಲಲ್ಲಿ ಬೆಳೆಸುವ ಮರದ ತವರು ಆ ಕಡೆಯೇ ಅಲ್ವಾ? ನೋವು ಮರೆತು ಅದನ್ನೇ ನೋಡಿದೆ.

ಎರಡು ಸಾವಿರ ವರ್ಷದ ಹಿಂದೆ ಕಟ್ಟಿದ, ಸುಮಾರು 70 ಮೀಟರ್ ಎತ್ತರದ, ಎಲ್ ಮಿರಾದೋರ್‌ನ ಲಾ ದಾಂತಾ ಪಿರಮಿಡ್ಡನ್ನು ನಾನು ನೋಡಿದ್ದು ನಿಮ್ಮಿಂದಲೇ. ಹೆಸರು ಕೇಳುವಷ್ಟರಲ್ಲಿ ನೀವು ಹೊರಟಿದ್ದಿರಿ.

ಕಾರ್ಮೆಲಿತಾ ಕಡೆ ಹೋಗುವವರಿದ್ದರೆ ದಯವಿಟ್ಟು ವಿಚಾರಿಸಿ. ಆ ಹಿರಿಯರ ಬೂದು ಹೇಸರಗತ್ತೆಯ ಎಡಗಿವಿ ಸೀಳಿದೆ. ಸಿಕ್ಕರೆ ನನ್ನ ಪರವಾಗಿ ಕೈಮುಗಿದು, ‘ಮುಚಾಸ್ ಗ್ರಾಸಿಯಾಸ್’ (ಸ್ಪ್ಯಾನಿಷ್‌ನಲ್ಲಿ ತುಂಬ ಧನ್ಯವಾದ) ಅನ್ನಿ.