ದೋಸೆ, ಶೂ ಮತ್ತು 63 ಟೇಕ್

ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಗೊಣಗಿದ್ದನ್ನು ನೆನೆದು ಇನ್ನೂ ನಗು ಬರುತ್ತಿದೆ. ಒಂದೇ ಶಾಟಿಗೆ ಹೀರೋ ಹದಿನೆಂಟು ಮಸಾಲೆದೋಸೆ ಮುರಿದನಂತೆ. ಪ್ರತಿ ಸಲ ಹೊಸ ದೋಸೆ, ಅಂಗಿ ಮೇಲೆ ಅದೇ ಜಾಗದಲ್ಲಿ ಅಷ್ಟೇ ಅಗಲದ ಚಟ್ನಿ ಕಲೆ. ಆ ಕಲೆ ಹಚ್ಚೋನು ನೀನು! "ತೆರೆ ಮೇಲೆ ಹತ್ತು ಸೆಕೆಂಡೂ ಇರಲ್ಲ ಕಣೋ, ಯಾವನು ನೋಡ್ತಾನೆ ಇದನ್ನ?" ಅಂದೆ. ಆವಾಗ ನಿದ್ದೆಗಣ್ಣಲ್ಲಿದ್ದೆ, ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಚಾಪ್ಲಿನ್‌ನ 'ದಿ ಗೋಲ್ಡ್ ರಷ್' ನೆನಪಿದೆಯಲ್ವಾ? ಹಿಮದ ಗುಡಿಸಲಿನಲ್ಲಿ ಹಸಿವು ತಾಳಲಾರದೆ ಶೂ ಬೇಯಿಸಿ ತಿನ್ನುತ್ತಾನಲ್ಲ, ಅದು. ಆ ಶೂ ಜೇಷ್ಠಮಧುವಿನ ಮಿಠಾಯಿ. ಗಂಟಲು ಕಟ್ಟಿದಾಗ ನಮ್ಮಜ್ಜಿಯರು ಚೀಪಿಸುತ್ತಿದ್ದರಲ್ಲ, ಅದೇ ಬೇರಿನದು. ಲೇಸನ್ನು ಶಾವಿಗೆ ಹಾಗೆ ಫೋರ್ಕಿಗೆ ಸುತ್ತಿಕೊಳ್ಳುತ್ತಾನೆ, ಮೊಳೆಗಳನ್ನು ಕೋಳಿ ಮೂಳೆ ಹಾಗೆ ಚೀಪುತ್ತಾನೆ. ಈ ಒಂದು ಊಟಕ್ಕೆ ಮೂರು ದಿನ, 63 ಟೇಕ್. ಕಚ್ಚಿದ ಶೂ ಮತ್ತೆ ಉಪಯೋಗಕ್ಕೆ ಬರಲ್ಲ, ಹೊಸದು ತರಬೇಕು. ಜೇಷ್ಠಮಧು ಜಾಸ್ತಿಯಾದರೆ ಹೊಟ್ಟೆ ಸುಮ್ನಿರುತ್ತಾ? ಚಾಪ್ಲಿನ್‌ಗೂ ಜೊತೆಗಿದ್ದ ಮ್ಯಾಕ್ ಸ್ವೇನ್‌ಗೂ ಭೇದಿ ಹಿಡಿಯಿತು. ನಿನ್ನ ಹೀರೋ ಪುಣ್ಯವಂತ, ಅವನದು ಬರೀ ದೋಸೆ.

ಅದಕ್ಕಿಂತ ನನ್ನ ತಲೆ ಕೆಡಿಸಿದ್ದು ಹಿಮದ ಕಥೆ. 1924ರಲ್ಲಿ ಇಡೀ ತಂಡವನ್ನು ಕ್ಯಾಲಿಫೋರ್ನಿಯಾದ ಟ್ರಕೀ ಅನ್ನೋ ಊರಿನ ಬೆಟ್ಟಕ್ಕೆ ಕರೆದುಕೊಂಡು ಹೋದರು. ಅಲಾಸ್ಕದ ಚಿಲ್ಕೂಟ್ ಅನ್ನೋ ಕಡಿದಾದ ಬೆಟ್ಟದಾರಿಯಲ್ಲಿ ಚಿನ್ನಕ್ಕೆಂದು ಇರುವೆ ಸಾಲಿನಂತೆ ಹತ್ತಿದ ಜನರ ಫೋಟೊ ಚಾಪ್ಲಿನ್ ತಲೆಯಲ್ಲಿ ಕೂತುಬಿಟ್ಟಿತ್ತು. ಅದಕ್ಕೆ ಸ್ಯಾಕ್ರಮೆಂಟೊದಿಂದ ನೆಲೆಯಿಲ್ಲದ ನೂರಾರು ಮಂದಿಯನ್ನು ರೈಲಿನಲ್ಲಿ ಕರೆಸಿ, ನಿಜವಾದ ಹಿಮದಲ್ಲಿ ದಾರಿ ಕಡಿಸಿ ಹತ್ತಿಸಿದರು. ಅಲ್ಲಿ ತೆಗೆದದ್ದರಲ್ಲಿ ಕೊನೆಗೆ ಉಳಿಸಿಕೊಂಡದ್ದು ಆ ಮೆರವಣಿಗೆ, ಇನ್ನೊಂದಿಷ್ಟು ಚೂರು. ಉಳಿದದ್ದೆಲ್ಲ ವಾಪಸ್ ಬಂದು ಹಾಲಿವುಡ್ ಸ್ಟುಡಿಯೋದಲ್ಲಿ, ಬೇಸಿಗೆ ಬಿಸಿಲಲ್ಲಿ. ಮರ, ಕೋಳಿಬಲೆ, ಗೋಣಿತಟ್ಟಿನಿಂದ ಬೆಟ್ಟ ಎಬ್ಬಿಸಿ, 200 ಟನ್ ಪ್ಲಾಸ್ಟರ್ ಬಳಿದು, ಮೇಲೆ 285 ಟನ್ ಉಪ್ಪು, 100 ಪೀಪಾಯಿ ಹಿಟ್ಟು ಸುರಿದರು. ಸಾಲದ್ದಕ್ಕೆ ನಾಲ್ಕು ಗಾಡಿ ಕಾಗದದ ಚೂರು. ಎದುರಿಗೇ ಹಿಮ ಇದ್ದಾಗ ಬಿಟ್ಟು ಬಂದು ಉಪ್ಪಿನ ಹಿಮ ಮಾಡೋದು! ಆದರೆ ಹಸಿದ ಜೊತೆಗಾರನ ಕಣ್ಣಿಗೆ ಚಾಪ್ಲಿನ್ ಕೋಳಿಯಾಗಿ ಕಾಣಬೇಕಲ್ಲ, ಆ ಟ್ರಿಕ್ ಕ್ಯಾಮೆರಾದೊಳಗೇ ಆಗಬೇಕಿತ್ತು. ಚಾಪ್ಲಿನ್ ನಿಂತ ಜಾಗದಲ್ಲೇ ನಿಲ್ಲಬೇಕು, ರೀಲು ಹಿಂದಕ್ಕೆ ಸುತ್ತಬೇಕು, ಅವನು ಕೋಳಿ ವೇಷ ಹಾಕಿ ಬಂದು ಅದೇ ಗುರುತಿನ ಮೇಲೆ ನಿಂತಾಗ ಅದೇ ರೀಲಿನ ಮೇಲೆ ಮತ್ತೆ ಶೂಟ್ ಮಾಡಬೇಕು. ಗಾಳಿ ಬೀಸೋ ಬೆಟ್ಟದ ಮೇಲೆ ಇದೆಲ್ಲ ನಡೆಯುತ್ತಾ? ನಿನ್ನ ಚಟ್ನಿ ಕಲೆಯ ಮುತ್ತಾತ ಅಂದುಕೋ.

ಎಲ್ಲ ಸೊಗಸಾಗಿತ್ತು ಅಂತಲ್ಲ. ಮೊದಲ ನಾಯಕಿ ಲೀಟಾ ಗ್ರೇ ಗರ್ಭಿಣಿಯಾಗಿ ಚಿತ್ರ ಬಿಟ್ಟಳು, ಚಾಪ್ಲಿನ್ ಅವಳನ್ನು ಮದುವೆಯಾದ. ಅವಳಿಗೆ 16, ಅವನಿಗೆ 35. ಎಷ್ಟು ನಕ್ಕರೂ ಆ ಲೆಕ್ಕ ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವಳ ಜಾಗಕ್ಕೆ ಜಾರ್ಜಿಯಾ ಹೇಲ್ ಬಂದಳು. ಖರ್ಚು 9 ಲಕ್ಷ ಡಾಲರ್ ದಾಟಿತು, ಮೂಕಿ ಕಾಲದ ಹಾಸ್ಯಚಿತ್ರಕ್ಕೆ ಅದು ಹುಚ್ಚು ದುಡ್ಡು. 1925ರ ಜೂನ್‌ನಲ್ಲಿ ಬಿಡುಗಡೆ.

"ಯಾವನು ನೋಡ್ತಾನೆ" ಅಂದೆಯಲ್ಲ. ನೂರು ವರ್ಷ ಆದಮೇಲೆ ಹೋದ ಭಾನುವಾರ ನನ್ನ ಮಗಳು ನೋಡಿದಳು. ಶೂ ಸೀನು ಮೂರು ಸಲ ಹಾಕಿಸಿದಳು. ಮೂರನೇ ಸಲ ಅವಳು ಕೇಳಿದ್ದು ಒಂದೇ: "ಅಪ್ಪಾ, ಒಂದ್ ಕಾಲಿಗೆ ಬಟ್ಟೆ ಸುತ್ತಿದಾನಲ್ಲ, ಆ ಕಾಲಿನ ಶೂನೇ ತಿಂದಿದ್ದು ಅಲ್ವಾ?" ಮುಂದೆ ಪೂರ್ತಿ ಸಿನಿಮಾ ಅವಳ ಕಣ್ಣು ಆ ಕಾಲಿನ ಮೇಲೇ.

ಶೂಟಿಂಗ್ ಮುಗಿದಮೇಲೆ ಫೋನ್ ಮಾಡು. ಅಂದಹಾಗೆ, ಆ ಹದಿನೆಂಟು ದೋಸೆಯ ಉಳಿದರ್ಧ ಯಾರು ತಿಂದರು ಅಂತ ನೀನು ಹೇಳಲೇ ಇಲ್ಲ.

ನಿನ್ನವನು