ಅಪ್ಪ, ‘ಏಳು ಮಹಡಿ’ ಓದಿ ಹೆದರಬೇಡಿ

ಬೆಲ್ಲೂನೊ, ಇಟಲಿ
ಆಗಸ್ಟ್ 17

ತೀರ್ಥರೂಪ ಅಪ್ಪನಿಗೆ ವಿದ್ಯಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮ, ಸುಮಾ, ಭಾವ, ಪುಟ್ಟಿ ಎಲ್ಲರೂ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ.

ಸುಮಾಳ ಕಾಗದ ಬಂತು. ಹರ್ನಿಯಾ ಆಪರೇಷನ್‌ಗೆ ಒಪ್ಪಿಕೊಂಡಿದ್ದ ನೀವು ಈಗ ಬೇಡವೇ ಬೇಡ ಅನ್ನುತ್ತಿದ್ದೀರಂತೆ. ಇಟಲಿಯ ಲೇಖಕ ದೀನೋ ಬುಜ್ಜಾತಿಯ ಕಥೆಗಳ ಪುಸ್ತಕ ಕಳಿಸಿದ್ದೆನಲ್ಲ, ಅದರಲ್ಲಿ ‘ಏಳು ಮಹಡಿ’ ಓದಿದ ಮೇಲೆ ಶುರುವಾಯಿತು ಅಂತ ಬರೆದಿದ್ದಾಳೆ. ಶಿವಮೊಗ್ಗದ ಡಾಕ್ಟರು ‘ರೂಮು ಮೂರನೇ ಮಹಡಿ, ಆಪರೇಷನ್ ಥಿಯೇಟರು ಮೊದಲನೇ ಮಹಡಿ’ ಅಂದದ್ದೇ ತಡ, ನೀವು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟಿರಂತೆ. ಏನೂ ಆಗುವುದಿಲ್ಲ ಅಪ್ಪ, ಒಂದಿಷ್ಟೂ ಹೆದರಬೇಡಿ. ಆದರೆ ಆ ಕಥೆಯನ್ನು ನನ್ನ ಜೊತೆ ಇನ್ನೊಂದು ಸಲ ನಿಧಾನವಾಗಿ ಓದಿ.

ಆ ಆಸ್ಪತ್ರೆಯ ವ್ಯವಸ್ಥೆ ಹೇಗಿದೆ ನೋಡಿ. ಏಳನೇ ಮಹಡಿಯಲ್ಲಿ ತೀರಾ ಸಣ್ಣ ಕಾಯಿಲೆಯವರು. ಕೆಳಗಿಳಿದಷ್ಟೂ ಕಾಯಿಲೆ ಜೋರು. ಒಂದನೇ ಮಹಡಿಯಲ್ಲಿ ಆಸೆ ಬಿಟ್ಟವರು. ಕಥೆಯ ನಾಯಕ ಜುಸೆಪ್ಪೆ ಕೊರ್ತೆ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ರೈಲಿಳಿದು, ಸ್ಟೇಷನ್ನಿನಿಂದ ಪೆಟ್ಟಿಗೆ ಹಿಡಿದು ನಡೆದುಕೊಂಡೇ ಬರುತ್ತಾನೆ, ಅಷ್ಟು ಗಟ್ಟಿ ಮನುಷ್ಯ. ಸೇರುವುದೂ ಏಳನೇ ಮಹಡಿಗೇ. ಮಕ್ಕಳೊಂದಿಗೆ ಬರುವ ಹೆಂಗಸೊಬ್ಬಳಿಗೆ ಅಕ್ಕಪಕ್ಕದ ಕೋಣೆಗಳು ಬೇಕು, ದಯವಿಟ್ಟು ಬಿಟ್ಟುಕೊಡಿ ಅಂತ ಕೇಳುತ್ತಾರೆ. ದಾಕ್ಷಿಣ್ಯಕ್ಕೆ ಒಪ್ಪಿ ಆರಕ್ಕೆ ಇಳಿಯುತ್ತಾನೆ. ಆಮೇಲೆ ರೋಗಿಗಳನ್ನೆಲ್ಲ ಹೊಸದಾಗಿ ವಿಂಗಡಿಸಿದಾಗ ಅವನ ಹೆಸರು ಕೆಳಗಿನ ಪಾಲಿಗೆ ಬೀಳುತ್ತದೆ, ಐದಕ್ಕೆ ಬಂದ. ಕಾಲಿನ ಮೇಲೆ ಇಸುಬು ಎದ್ದಿತು. ಮೂಲ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಕಿರಣ ಚಿಕಿತ್ಸೆಯ ಯಂತ್ರ ಇರುವುದು ನಾಲ್ಕರಲ್ಲಿ ಅಂದರು. ಅಲ್ಲಿಂದ ಮೂರಕ್ಕೆ, ಚಿಕಿತ್ಸೆ ಅಲ್ಲಿ ಇನ್ನೂ ಚೆನ್ನಾಗಿದೆ ಅಂತ, ಇಸುಬು ಹರಡಿದಾಗ ತಾನೇ ಒಪ್ಪಿ ಇಳಿದ. ಮೂರನೇ ಮಹಡಿಯ ಸಿಬ್ಬಂದಿಗೆಲ್ಲ ಹದಿನೈದು ದಿನ ರಜೆ ಅಂತ ಎರಡಕ್ಕೆ. ಕೊನೆಗೆ ಯಾರೋ ಕಾಗದದಲ್ಲಿ ಮಾಡಿದ ತಪ್ಪಿಗೆ ಒಂದಕ್ಕೆ. ಆದೇಶಕ್ಕೆ ಮುಖ್ಯಸ್ಥ ದಾತಿಯ ಸಹಿ ಇದೆ, ಆದರೆ ಅದನ್ನು ತಿದ್ದಬೇಕಾದ ದಾತಿ ಊರಿನಲ್ಲಿಲ್ಲ.

ನೀವು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಇದನ್ನು ಲೆಕ್ಕದ ಹಾಗೆ ನೋಡಿ. ಆರು ಸಲ ಇಳಿದಿದ್ದಾನೆ. ಒಂದು ಸಲವಾದರೂ ‘ನನ್ನ ಕಾಯಿಲೆಯ ಹೆಸರೇನು, ಪರೀಕ್ಷೆಯಲ್ಲಿ ಏನು ಬಂತು, ರಿಪೋರ್ಟ್ ಕೈಗೆ ಕೊಡಿ’ ಅಂತ ಪಟ್ಟು ಹಿಡಿದನೇ? ನಾನಿನ್ನೂ ಏಳನೇ ಮಹಡಿಯವನು, ತಾತ್ಕಾಲಿಕವಾಗಿ ಇಲ್ಲಿದ್ದೇನೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದನೇ ಹೊರತು ಕೇಳಬೇಕಾದ್ದನ್ನು ಕೇಳಲಿಲ್ಲ. ಡಾಕ್ಟರುಗಳೂ ಕೆಟ್ಟವರಲ್ಲ, ಎಲ್ಲರೂ ನಯವಾಗಿ ಮಾತಾಡುತ್ತಾರೆ. ಬುಜ್ಜಾತಿಯ ಕೈಚಳಕ ಇರುವುದೇ ಅಲ್ಲಿ. ಪ್ರತಿ ಮೆಟ್ಟಿಲಿಗೂ ಒಪ್ಪುವಂಥ ಕಾರಣ ಇಟ್ಟಿದ್ದಾನೆ, ಒಟ್ಟು ಮೊತ್ತಕ್ಕೆ ಮಾತ್ರ ಕಾರಣವೇ ಇಲ್ಲ. ಇನ್ನೊಂದು ವಿಷಯ, ಪಕ್ಕದಲ್ಲಿ ಕೂತು ಡಾಕ್ಟರನ್ನು ಕೇಳುವ ಮನೆಯವರು ಕೊರ್ತೆಗೆ ಯಾರೂ ಇಲ್ಲ. ನಿಮಗೆ ಸುಮಾ ಇದ್ದಾಳೆ, ಭಾವ ಇದ್ದಾರೆ. ಇಲ್ಲಿಯ ಆಸ್ಪತ್ರೆಗಳಲ್ಲಿ ನಮ್ಮ ಹಾಗೆ ರಾತ್ರಿಯೆಲ್ಲ ಒಬ್ಬರು ಪಕ್ಕದಲ್ಲಿ ಮಲಗುವ ಪದ್ಧತಿ ಸಾಮಾನ್ಯವಾಗಿ ಇಲ್ಲ, ಭೇಟಿಯ ಹೊತ್ತು ಮುಗಿದರೆ ಹೊರಡಬೇಕು. ಈ ವಿಷಯದಲ್ಲಿ ನಮ್ಮೂರೇ ಮೇಲು ಅಂತ ಇಲ್ಲಿಯವರಿಗೂ ಹೇಳುತ್ತಿರುತ್ತೇನೆ.

ಸಿಬ್ಬಂದಿಯೆಲ್ಲ ಒಟ್ಟಿಗೆ ರಜೆ ಹೋಗುವುದು ಉತ್ಪ್ರೇಕ್ಷೆ ಅಂತ ನಿಮಗೆ ಅನಿಸಿರಬಹುದು. ಅಲ್ಲ. ಆಗಸ್ಟ್ 15 ಇವರಿಗೂ ರಜೆ, ಮಾತೆ ಮೇರಿಯ ಹಬ್ಬ. ಅದರ ಹಿಂದೆ ಮುಂದೆ ಊರಿಗೆ ಊರೇ ಬಾಗಿಲು ಹಾಕುತ್ತದೆ. ಬ್ರೆಡ್ ಅಂಗಡಿಯ ಮೇಲೂ ‘ರಜೆ, ಇಂಥ ದಿನ ತೆರೆಯುತ್ತೇವೆ’ ಅಂತ ಚೀಟಿ. ಆಸ್ಪತ್ರೆಗಳೂ ಈ ದಿನಗಳಲ್ಲಿ ಕೆಲವು ವಾರ್ಡು ಒಂದುಗೂಡಿಸುವುದುಂಟು. ಕಥೆಯ ಕೊನೆಯಲ್ಲಿ ಮಧ್ಯಾಹ್ನ ಮೂರೂವರೆಗೆ ಕಿಟಕಿಯ ಶಟರು ತಾನಾಗಿ ಕೆಳಗಿಳಿಯುತ್ತದಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ ಅಂದಿರಂತೆ. ಇಲ್ಲಿ ಮನೆಮನೆಗೂ ಕಿಟಕಿಯ ಹೊರಗೆ ಶಟರು ಇದೆ. ಕತ್ತಲಾಯಿತೆಂದರೆ ಪಟ್ಟಿ ಎಳೆದು ಇಳಿಸುತ್ತಾರೆ, ಬೇಸಿಗೆಯಲ್ಲಿ ಬಿಸಿಲಿಗೆ ಹಗಲೂ ಇಳಿಸುತ್ತಾರೆ. ದಿನಾ ಕೇಳುವ ಆ ಸದ್ದನ್ನೇ ಅವನು ಸಾವಿನ ಗುರುತು ಮಾಡಿಬಿಟ್ಟ.

ಬುಜ್ಜಾತಿಗೆ ಕಾಯಿಲೆಯ ಭಯ ಎಲ್ಲಿಂದ ಬಂತು ಅಂದರೆ, ತಂದೆ ಮೇದೋಜೀರಕದ ಕ್ಯಾನ್ಸರಿನಿಂದ 1920ರಲ್ಲಿ ತೀರಿಕೊಂಡಾಗ ಇವನಿನ್ನೂ ಹುಡುಗ. ಹುಟ್ಟಿದ್ದು 1906ರಲ್ಲಿ, ಇದೇ ಬೆಲ್ಲೂನೊ ಪಕ್ಕದ ಸಾನ್ ಪೆಲ್ಲೆಗ್ರೀನೊದಲ್ಲಿ. ಆ ಮನೆಯ ಕಡೆಯಿಂದ ನೋಡಿದರೆ ಎದುರಿಗೇ ಸ್ಕಿಯಾರಾ ಬೆಟ್ಟಸಾಲು, ಬೋಳು ಬಂಡೆ. ಊರಿನವರು ಅವನನ್ನು ಬೆಟ್ಟ ಹತ್ತುವವನು ಅಂತಲೇ ನೆನೆಯುತ್ತಾರೆ, ಹೆಮ್ಮೆಯಿಂದ. ‘ಏಳು ಮಹಡಿ’ 1937ರಲ್ಲಿ ಪತ್ರಿಕೆಯಲ್ಲಿ ಬಂತು, 1942ರ ‘ಏಳು ದೂತರು’ ಸಂಕಲನಕ್ಕೆ ಸೇರಿತು. ಅದನ್ನೇ ನಾಟಕ ಮಾಡಿದ, 1953ರಲ್ಲಿ ಮಿಲಾನಿನ ಪಿಕ್ಕೊಲೊ ತೆಯಾತ್ರೊದಲ್ಲಿ ಆಡಿದರು. 1955ರಲ್ಲಿ ಫ್ರೆಂಚ್ ಲೇಖಕ ಆಲ್ಬೆರ್ ಕಾಮು ಅದನ್ನು ಫ್ರೆಂಚಿಗೆ ತಂದ. ಅವರೆಲ್ಲ ನೋಡಿದ್ದು ಮನುಷ್ಯ ತನಗೆ ತಿಳಿಯದ ಹಾಗೆ ಹೇಗೆ ಒಪ್ಪುತ್ತಾ ಹೋಗುತ್ತಾನೆ ಅನ್ನುವುದನ್ನು. ಆಸ್ಪತ್ರೆಗೇ ಹೋಗಬೇಡಿ ಅಂತ ಅವನು ಎಲ್ಲೂ ಹೇಳಿಲ್ಲ.

ನನಗೆ ದಿಗಿಲಾಗಿರುವುದು ನಿಮ್ಮ ಇನ್ನೊಂದು ಮಾತಿನಿಂದ. ‘ಅಡಿಕೆ ಕೊನೆ ಕೊಯ್ಲು ಮುಗೀಲಿ, ಆಮೇಲೆ ನೋಡೋಣ’ ಅಂದಿರಂತೆ. ಇದು ಕೊರ್ತೆಯ ಮಾತಲ್ಲ, ದ್ರೋಗೊನ ಮಾತು. ಬುಜ್ಜಾತಿಯ ದೊಡ್ಡ ಕಾದಂಬರಿ ‘ತಾರ್ತಾರರ ಮರುಭೂಮಿ’, 1940ರ ಜೂನಿನಲ್ಲಿ ಬಂತು, ಅದೇ ತಿಂಗಳು 10ಕ್ಕೆ ಇಟಲಿ ಯುದ್ಧಕ್ಕೆ ಇಳಿಯಿತು. ದ್ರೋಗೊ ಎಂಬ ಎಳೆ ಅಧಿಕಾರಿ ಬಾಸ್ತಿಯಾನಿ ಕೋಟೆಗೆ ಬರುತ್ತಾನೆ. ಎದುರಿಗೆ ಖಾಲಿ ಮರಳುಗಾಡು, ಯಾವತ್ತೋ ಬರಬಹುದಾದ ಶತ್ರು. ಬಂದ ದಿನವೇ ವಾಪಸು ಹೋಗಬೇಕೆನ್ನುತ್ತಾನೆ. ನಾಲ್ಕು ತಿಂಗಳು ತಡೆಯಿರಿ, ವೈದ್ಯಕೀಯ ತಪಾಸಣೆಯಲ್ಲಿ ಕಾಗದ ಮಾಡಿಕೊಡೋಣ ಅನ್ನುತ್ತಾರೆ. ನಾಲ್ಕು ತಿಂಗಳಿಗೆ ಡಾಕ್ಟರು ಸಹಿ ಹಾಕಲು ಪೆನ್ನು ಹಿಡಿದು ಕೂತಿದ್ದಾನೆ. ಇವನು ಕಿಟಕಿಯಲ್ಲಿ ಅಂಗಳ ನೋಡಿ, ಬೇಡ, ಇಲ್ಲೇ ಇರುತ್ತೇನೆ ಅಂದುಬಿಡುತ್ತಾನೆ. ನಾಲ್ಕು ವರ್ಷಕ್ಕೆ ಊರಿಗೆ ಹೋಗಿ ವರ್ಗಾವಣೆ ಕೇಳಿದರೆ, ಅರ್ಜಿ ಹಾಕಬೇಕಿತ್ತು, ಉಳಿದವರೆಲ್ಲ ಹಾಕಿಯಾಯಿತು ಅನ್ನುತ್ತಾರೆ. ಹೀಗೇ ಮೂವತ್ತು ವರ್ಷ. ಐವತ್ತನಾಲ್ಕಕ್ಕೆ ಯಕೃತ್ತಿನ ಕಾಯಿಲೆ ಹಿಡಿದು ಮಲಗಿದಾಗಲೇ ಶತ್ರು ಬರುತ್ತಾನೆ. ಹೊಸ ಅಧಿಕಾರಿಗಳಿಗೆ ನಿನ್ನ ಕೋಣೆ ಬೇಕು ಅಂತ ಅವನನ್ನು ಗಾಡಿ ಹತ್ತಿಸಿ ಕಳಿಸುತ್ತಾರೆ. ಗಮನಿಸಿ, ಇಲ್ಲೂ ಕೋಣೆಯೇ ನೆಪ. ಬುಜ್ಜಾತಿ 1928ರಿಂದ ‘ಕೊರಿಯೆರೆ ದೆಲ್ಲಾ ಸೆರಾ’ ಪತ್ರಿಕೆಯಲ್ಲಿದ್ದವನು. ಕಚೇರಿಯಲ್ಲಿ ರಾತ್ರಿಪಾಳಿಯ ಒಂದೇ ತೆರನ ಕೆಲಸ ಮಾಡುತ್ತಾ ಆಯುಷ್ಯ ಕಳೆಯುವವರನ್ನು ನೋಡಿ ಇದು ಹೊಳೆಯಿತು ಅಂತ ಅವನೇ ಹೇಳಿದ್ದಾನೆ. ನನಗೆ ‘ಏಳು ಮಹಡಿ’ಗಿಂತ ಇದೇ ಹೆಚ್ಚು ಭಯ ಹುಟ್ಟಿಸುವ ಪುಸ್ತಕ. ಅಲ್ಲಿ ಬೇರೆಯವರು ಇಳಿಸುತ್ತಾರೆ, ಇಲ್ಲಿ ಮನುಷ್ಯ ತಾನೇ ಮುಂದೂಡುತ್ತಾನೆ.

ಹರ್ನಿಯಾ ಮುಂದೂಡುತ್ತಾ ಹೋದರೆ ತಾನಾಗಿ ವಾಸಿಯಾಗುವುದಿಲ್ಲ ಅಪ್ಪ. ಈಗ ಮಲಗಿದರೆ ಗಂಟು ಒಳಗೆ ಹೋಗುತ್ತದೆ, ಸರಿ. ಯಾವತ್ತಾದರೂ ಒಳಗೆ ಹೋಗದೆ ಗಟ್ಟಿಯಾಗಿ, ನೋವು ಬಂದು, ವಾಂತಿಯಾದರೆ ಕರುಳು ಸಿಕ್ಕಿಕೊಂಡಿದೆ ಅಂತ ಅರ್ಥ, ಆಗ ಬೆಳಗಾಗಲಿ ಅಂತ ಕಾಯುವ ಹಾಗೇ ಇಲ್ಲ, ತಕ್ಷಣ ಹೊರಡಬೇಕು. ಕೊಯ್ಲಿನ ಹೊತ್ತಿಗೆ ಗೊನೆ ಎತ್ತುವುದು, ಚೀಲ ಹೊರುವುದು ಬೇಡವೆಂದರೂ ನೀವು ಬಿಡುವವರಲ್ಲ. ಈಗ ತೋಟಕ್ಕೆ ಎರಡನೇ ಔಷಧಿ ಹೊಡೆದಾಗಿದೆ. ಈ ತಿಂಗಳ ಕೊನೆಗೆ ಮಾಡಿಸಿದರೆ, ಭಾರ ಎತ್ತದೆ ಆರು ವಾರ ಇದ್ದರೂ ಕೊಯ್ಲಿಗೆ ಮೊದಲೇ ಎದ್ದಿರುತ್ತೀರಿ. ಕೊಯ್ಲಿನ ಲೆಕ್ಕ ಬರೆಯುವುದಕ್ಕೆ ನೀವೇ ಇರುತ್ತೀರಿ, ಕಾಳಜಿ ಬೇಡ.

ಡಾಕ್ಟರ ಹತ್ತಿರ ಇವನ್ನು ಕೇಳಿ, ಸುಮಾ ಬರೆದುಕೊಳ್ಳಲಿ. ಹರ್ನಿಯಾ ಒಂದು ಕಡೆಯೋ ಎರಡೂ ಕಡೆಯೋ? ಸೀಳಿ ಮಾಡುತ್ತಾರೋ, ಸಣ್ಣ ತೂತು ಮಾಡಿ ದುರ್ಬೀನಿನಲ್ಲೋ? ಜಾಲರಿ ಹಾಕುತ್ತಾರೋ? ಅರಿವಳಿಕೆ ಬೆನ್ನಿಗೋ ಪೂರ್ತಿಯೋ? ಸಕ್ಕರೆ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಎಂದಿನಿಂದ ನಿಲ್ಲಿಸಬೇಕು ಅಂತ ಅವರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ. ಕೆಮ್ಮು ಮತ್ತು ಮಲಬದ್ಧತೆ ಇದ್ದರೆ ಮುಚ್ಚಿಡಬೇಡಿ, ಮುಕ್ಕಿದರೆ ಹೊಲಿಗೆಗೆ ಒಳ್ಳೆಯದಲ್ಲ. ಒಪ್ಪಿಗೆ ಪತ್ರ ಪೂರ್ತಿ ಓದಿ ಸಹಿ ಹಾಕಿ. ಥಿಯೇಟರು ಮೊದಲನೇ ಮಹಡಿಯಲ್ಲಿರುವುದು ಅವರ ಕಟ್ಟಡದ ಅನುಕೂಲಕ್ಕೆ, ನಿಮ್ಮ ಕಾಯಿಲೆಯ ತೂಕಕ್ಕಲ್ಲ. ಆಪರೇಷನ್ ಆದ ಮೇಲೆ ಲಿಫ್ಟಿನಲ್ಲಿ ಮೇಲಕ್ಕೇ ಕರೆದುಕೊಂಡು ಬರುತ್ತಾರೆ.

ಆಪರೇಷನ್ನಿನ ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಅದೇ ಪುಸ್ತಕದಲ್ಲಿ ‘ಏಳು ದೂತರು’ ಓದಿ. ರಾಜಕುಮಾರನ ದಂಡು ದಿನಕ್ಕೆ 40 ಹರದಾರಿ ಮುಂದೆ ಹೋಗುತ್ತದೆ, ಊರಿನ ಸುದ್ದಿ ತರುವ ದೂತ ದಿನಕ್ಕೆ 60 ಓಡುತ್ತಾನೆ. ಎರಡನೇ ದಿನ ಸಂಜೆ ಹೊರಟವನು ಹತ್ತನೇ ದಿನ ಸಂಜೆ ಬಂದು ಕೂಡುತ್ತಾನೆ, ಮೂರನೇ ದಿನ ಹೊರಟವನು ಹದಿನೈದಕ್ಕೆ. ಎಂಟೂವರೆ ವರ್ಷದ ಹೊತ್ತಿಗೆ ಒಬ್ಬ ದೂತ ಹೋಗಿ ಬರಲು 34 ವರ್ಷ. ಯಾವ ದಿನ ಹೊರಟರೂ ಆ ದಿನದ ಸಂಖ್ಯೆಯನ್ನು ಐದರಿಂದ ಗುಣಿಸಿದರೆ ಸಾಕು, ಮರಳುವ ದಿನ ಸಿಗುತ್ತದೆ ಅನ್ನುವುದಕ್ಕೆ ಸಮೀಕರಣ ಹಾಕಿ ಸಾಧಿಸಿ, ಪುಟ್ಟಿಗೂ ಹೇಳಿಕೊಡಿ.

ದುಡ್ಡಿನ ಯೋಚನೆ ನಿಮಗೆ ಬೇಡವೇ ಬೇಡ, ಸುಮಾಳ ಖಾತೆಗೆ ಹಾಕಿದ್ದೇನೆ. ಇದು ಸಾಮಾನ್ಯ ಆಪರೇಷನ್, ದಿನಾ ಮಾಡುತ್ತಾರೆ, ಎಲ್ಲ ಸರಿಹೋಗುತ್ತದೆ. ಅಮ್ಮ ಅಳುವುದು ಬೇಡ. ನಮ್ಮ ವಿಷಯ ಬಿಡಿ, ಊಟ ತಿಂಡಿ ಎಲ್ಲ ಚೆನ್ನಾಗಿದೆ, ಉಪ್ಪಿನಕಾಯಿ ಇನ್ನೂ ಇದೆ. ಆಸ್ಪತ್ರೆಗೆ ಸೇರುವ ತಾರೀಖು ಗೊತ್ತಾದ ಕೂಡಲೇ ಸುಮಾ ಫೋನ್ ಮಾಡಲಿ, ಹೊತ್ತು ನೋಡಬೇಡಿ. ಟಪಾಲು ಕಚೇರಿ ಈ ತಿಂಗಳು ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಈಗಲೇ ಓಡಬೇಕು.

ಇತಿ ನಿಮ್ಮ ಮಗಳು,
ವಿದ್ಯಾ